ಮಾನಸಳ ತಟ್ಟೆ

ನಮ್ಮ ಬೀದಿಯಲ್ಲಿ ಯಾರಿಗೂ ಮಗ್ಗದ ಸದ್ದು ಕೇಳಿಸುವುದಿಲ್ಲ. ಹೊರಗಿನಿಂದ ಬಂದ ನೆಂಟರು ಕಿವಿ ಮುಚ್ಚಿಕೊಂಡು, "ಅಬ್ಬಬ್ಬಾ, ಇದ್ರಲ್ಲಿ ಹೆಂಗಿರ್ತೀರಾ?" ಎಂದು ಕಿರುಚುತ್ತಾರೆ. ನಾವು "ಯಾವುದ್ರಲ್ಲಿ?" ಎನ್ನುತ್ತೇವೆ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಹುಟ್ಟಿದ ಕೂಸು ಮಗ್ಗ ಓಡುತ್ತಿದ್ದರೆ ಹಾಯಾಗಿ ಮಲಗುತ್ತದೆ, ಕರೆಂಟು ಹೋಗಿ ಮಗ್ಗ ನಿಂತರೆ ಬೆಚ್ಚಿಬಿದ್ದು ಅಳುತ್ತದೆ. ಸದ್ದು ನಿಂತಾಗಲೇ ನಮಗೆ ಸದ್ದಿತ್ತು ಎಂದು ಗೊತ್ತಾಗುವುದು. ನಮ್ಮ ಪಕ್ಕದ ಮನೆಯ ಸೊಸೆ ಪ್ರಮೋದಾಳ ವಿಷಯ ಹೇಳಬೇಕಾದರೆ ಇದನ್ನು ಮೊದಲು ಹೇಳಬೇಕು. ಇಲ್ಲದಿದ್ದರೆ ನಮ್ಮನ್ನೆಲ್ಲ ನೀವು ಪೆದ್ದರು ಎಂದುಕೊಳ್ಳುತ್ತೀರಿ. ಪೆದ್ದರೇ ಇರಬಹುದು, ಆದರೆ ನಮ್ಮದೇ ರೀತಿಯಲ್ಲಿ.

ಪ್ರಮೋದಾಳ ತವರು ಅರಿಶಿನಕುಂಟೆ. ಹೆದ್ದಾರಿ ಪಕ್ಕದಲ್ಲಿ ಅವಳಪ್ಪನದು ಟೀ ಅಂಗಡಿ. ಜಾತಿಯಲ್ಲಿ ನೇಕಾರರೇ, ಆದರೆ ಆ ಮನೆಯಲ್ಲಿ ಮಗ್ಗ ಕಂಡವರು ಅವಳ ಅಜ್ಜನ ಕಾಲಕ್ಕೇ ಮುಗಿದಿದ್ದರು. ಪಿಯುಸಿಗೆ ಸೈನ್ಸ್ ತೆಗೆದುಕೊಳ್ಳಬೇಕೆಂದು ಅವಳಿಗೆ ಆಸೆಯಿತ್ತಂತೆ. ಹತ್ತಿರದ ಕಾಲೇಜಿನಲ್ಲಿ ಆರ್ಟ್ಸ್ ಮಾತ್ರ ಇತ್ತು, ದೂರದ ಕಾಲೇಜಿಗೆ ಹುಡುಗಿಯನ್ನು ಕಳಿಸಲು ಅಪ್ಪನಿಗೆ ಮನಸ್ಸಿರಲಿಲ್ಲ. ಆರ್ಟ್ಸ್ ಓದಿ, ರವಿಶಂಕರನನ್ನು ಮದುವೆಯಾಗಿ, ಭಾಗ್ಯಮ್ಮನ ಸೊಸೆಯಾಗಿ ನಮ್ಮ ಬೀದಿಗೆ ಬಂದಳು. ಅವರ ಮನೆಗೂ ನಮ್ಮ ಮಗ್ಗದ ಮನೆಗೂ ನಡುವೆ ಒಂದೇ ಗೋಡೆ.

ಭಾಗ್ಯಮ್ಮನ ಮನೆಯಲ್ಲಿ ಆಗ ಎರಡು ಮಗ್ಗ. ಒಂದರಲ್ಲಿ ಮಗ ರವಿಶಂಕರ, ಇನ್ನೊಂದರಲ್ಲಿ ಮಗಳು ಮಾನಸ. ಆ ಹುಡುಗಿ ಮಗ್ಗದ ಜೊತೆ ಜಗಳವಾಡುತ್ತ ನೇಯುತ್ತಿದ್ದಳು. ಎಳೆ ಕಿತ್ತರೆ, "ಏ ಶನಿ, ಸರಿಯಾಗಿರೋಕೆ ಏನ್ ರೋಗ ನಿಂಗೆ?" ಎಂದು ಮಗ್ಗಕ್ಕೇ ಬೈಯುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಮೋಟರ್ ಆರಿಸಿ, ಕೈಕಾಲು ತೊಳೆದುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತು, "ಅಮ್ಮಾ, ತಟ್ಟೆ ಹಾಕು" ಎನ್ನುವುದು ಅವಳ ಪದ್ಧತಿ. ಅತ್ತಿಗೆ ನಾದಿನಿಯರ ನಡುವೆ ಚೆನ್ನಾಗಿತ್ತು. ಜಗಳವಿರಲಿಲ್ಲ ಎಂದಲ್ಲ. ಒಂದೇ ಬಾಚಣಿಗೆಗೆ ದಿನಾ ಜಗಳ, ಒಂದೇ ಮೊಬೈಲಿಗೆ ತಲೆಗೆ ತಲೆ ತಾಗಿಸಿ ಕೂರುವುದೂ ದಿನಾ.

ಮಾನಸಳಿಗೆ ಮದುವೆ ಗೊತ್ತಾಯಿತು. ಭಾಗ್ಯಮ್ಮ ಪಾತ್ರೆಗಳ ಜೊತೆ ಒಂದು ಕಂಚಿನ ತಟ್ಟೆಯನ್ನೂ ಕೊಂಡು, ಅಂಚಿನಲ್ಲಿ ಮಗಳ ಹೆಸರು ಕೊರೆಸಿ, ಟ್ರಂಕಿನಲ್ಲಿಟ್ಟಳು. ಅದರಲ್ಲಿ ಮಗಳು ಗಂಡನ ಮನೆಯಲ್ಲೇ ಮೊದಲ ತುತ್ತು ಉಣ್ಣಬೇಕು ಎಂದು ತಾಯಿಯ ಹಟ. ಅಷ್ಟರಲ್ಲಿ ಹುಡುಗಿಗೆ ಜ್ವರ ಬಂತು. ಸಂಜೆ ಮೈ ಕೆಂಡವಾಗಿತ್ತು. ಆಸ್ಪತ್ರೆಗೆ ಹೋಗೋಣವೇ ಎಂಬ ಮಾತು ಬಂದಾಗ ಪ್ರಮೋದಾ ಹಣೆ ಮುಟ್ಟಿ ನೋಡಿ, "ಮಾತ್ರೆ ಕೊಟ್ಟಿದೀನಿ, ಬೆಳಿಗ್ಗೆ ನೋಡಿದ್ರಾಯ್ತು" ಎಂದಳು. ಯಾವ ಮನೆಯಲ್ಲಿ ಆಡದ ಮಾತು ಇದು? ಆದರೆ ಬೆಳಿಗ್ಗೆ ಹುಡುಗಿಗೆ ಎದ್ದು ನಿಲ್ಲಲಾಗಲಿಲ್ಲ. ಡೆಂಗಿ ಎಂದರು. ವಾರ ತುಂಬುವ ಮೊದಲೇ ಮುಗಿದುಹೋಯಿತು.

ಆಮೇಲೆ ರವಿಶಂಕರನಿಗೆ ಮಗ್ಗದ ಮೇಲೆ ಕೈಯಿಡಲಾಗಲಿಲ್ಲ. ದೇವನಹಳ್ಳಿ ಏರ್‌ಪೋರ್ಟಿಗೆ ಕೆಲಸದವರನ್ನು ಕರೆದೊಯ್ಯುವ ಗಾಡಿ ಓಡಿಸಲು ಹೋದ. ಅವನ ಮಗ್ಗವನ್ನು ಸಾಸಲು ಊರಿನವರು ಯಾರೋ ಕೊಂಡರು, ಮಾನಸಳ ಮಗ್ಗವನ್ನು ನಮ್ಮ ಯಜಮಾನರು ಕೊಂಡರು. ನಮ್ಮ ಮಗ್ಗದ ಮನೆಯ ಮೂಲೆಯಲ್ಲಿ, ಆ ನಡುಗೋಡೆಯ ಪಕ್ಕದಲ್ಲೇ ಕೂರಿಸಿದರು. ಬೈರೇಶ್ ಎನ್ನುವವನು ಹಗಲು ಕಂಪನಿಯೊಂದರಲ್ಲಿ ದುಡಿದು, ಸಂಜೆ ಬಂದು ಅದೊಂದು ಮಗ್ಗ ನೇಯುತ್ತಿದ್ದ. ಬೇಗ ಬೇಗ ಸೀರೆ ಇಳಿಯಲೆಂದು ಪುಲ್ಲಿ ಬದಲಿಸಿ ಅದರ ಓಟ ಹೆಚ್ಚಿಸಿಕೊಂಡಿದ್ದ. ಅದೇ ಸಮಯಕ್ಕೆ ಗೋಡೆಯ ಆಚೆ ಭಾಗ್ಯಮ್ಮ ಟ್ರಂಕಿನಿಂದ ಕಂಚಿನ ತಟ್ಟೆ ತೆಗೆದು, ಅದೇ ಗೋಡೆಗೆ ಹೊಡೆದಿದ್ದ ತಟ್ಟೆ ಸ್ಟ್ಯಾಂಡಿನಲ್ಲಿ, ಮಗಳ ಫೋಟೋದ ಕೆಳಗೆ ಇಟ್ಟಳು. ಇವೆರಡನ್ನೂ ನಾನು ಕಣ್ಣಾರೆ ಕಂಡಿದ್ದೆ. ಆದರೂ ಒಂದಕ್ಕೊಂದು ಸೇರಿಸಿ ನೋಡುವ ಬುದ್ಧಿ ನನಗೂ ಬರಲಿಲ್ಲ, ಬೀದಿಯಲ್ಲಿ ಯಾರಿಗೂ ಬರಲಿಲ್ಲ.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ತಟ್ಟೆ ತಾನಾಗಿ ಗುಂಯ್ಯೆಂದಿತು.

ನಾನೂ ಓಡಿಹೋಗಿ ನೋಡಿದೆ. ಯಾರೂ ಮುಟ್ಟಿಲ್ಲ, ಗಾಳಿಯಿಲ್ಲ. ಪಕ್ಕದ ಸ್ಟೀಲ್ ತಟ್ಟೆಗಳೆಲ್ಲ ತೆಪ್ಪಗಿವೆ. ಕಂಚಿನದೊಂದು ಮಾತ್ರ ಗಂಟಲಲ್ಲೇ ಹಾಡಿಕೊಂಡ ಹಾಗೆ ಸಣ್ಣಗೆ ಶುರುವಾಗಿ, ಏರಿ, ಹಾಗೇ ನಿಂತು ಮೊಳಗುತ್ತಿದೆ. ನನ್ನ ಕೈಮೇಲಿನ ರೋಮಗಳೆಲ್ಲ ಎದ್ದವು. ಭಾಗ್ಯಮ್ಮ ಮಾತ್ರ ಹೆದರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ತಟ್ಟೆಯ ಮುಂದೆ ಕೂತು, "ಬಂದ್ಯಾ ಮಗಳೇ? ಕೈಕಾಲು ತೊಳ್ಕೊಂಡ್ಯಾ?" ಎಂದು ಕೇಳಿದಳು.

ಅಂದಿನಿಂದ ಆ ಸದ್ದು ದಿನಾ ಬಂತು. ಅಮಾವಾಸ್ಯೆಯ ದಿನ ಮಾತ್ರ ಬರಲಿಲ್ಲ. ದೆವ್ವ ಎಂದರೆ ಅಮಾವಾಸ್ಯೆಗೆ ತಪ್ಪದೆ ಬರಬೇಕು, ಇದ್ಯಾಕೆ ಹೀಗೆ ಎಂದು ಬೀದಿಯವರು ತಲೆ ಕೆರೆದುಕೊಂಡರೆ ಭಾಗ್ಯಮ್ಮನ ಹತ್ತಿರ ಉತ್ತರ ಸಿದ್ಧವಿತ್ತು: "ಅವಳು ದೆವ್ವ ಅಲ್ಲ ಕಣ್ರೇ, ನೇಕಾರ್ತಿ. ಅಮಾಸೆ ದಿನ ನೇಕಾರ್ರು ಮಗ್ಗ ಮುಟ್ತಾರಾ? ರಜ." ಎಲ್ಲರೂ ಹೌದೌದು ಎಂದೆವು. ಕರೆಂಟು ಹೋದ ಸಂಜೆಗಳಲ್ಲೂ ಬರುತ್ತಿರಲಿಲ್ಲ. "ಕತ್ಲೆ ಅಂದ್ರೆ ಚಿಕ್ಕವಳಿಂದ್ಲೂ ಭಯ ಅವಳ್ಗೆ" ಎಂದಳು ಭಾಗ್ಯಮ್ಮ. ಅದಕ್ಕೂ ಹೌದೌದು ಎಂದೆವು.

ಆ ತಟ್ಟೆಯಿಂದ ತಾಯಿಗೆ ಜೀವ ಬಂತು. ಅನ್ನ ಸೇರತೊಡಗಿತು, ಬೀದಿಯವರ ಜೊತೆ ಮಾತು ಶುರುವಾಯಿತು. ಪ್ರಮೋದಾಳ ಜೀವ ಮಾತ್ರ ಅದೇ ತಟ್ಟೆಯಿಂದ ಸೊರಗಿತು. ಸಂಜೆಯಾಗುತ್ತಲೇ ಏನಾದರೂ ನೆಪ ಹೇಳಿ ಮಹಡಿ ಹತ್ತುತ್ತಿದ್ದಳು, ಇಲ್ಲವೇ ನಮ್ಮ ಮನೆಗೆ ಬಂದು ಸುಮ್ಮನೆ ಕೂರುತ್ತಿದ್ದಳು. ಒಂದು ದಿನ ನನ್ನ ಜೊತೆ ಅವರೆಕಾಯಿ ಸುಲಿಯುತ್ತಿದ್ದವಳು ತಲೆಯೆತ್ತದೆ ಹೇಳಿದಳು.

"ಅಕ್ಕ, ಅವಳು ಬರೋದು ಅತ್ತೆಗೋಸ್ಕರ ಅಲ್ಲ. ನನಗೋಸ್ಕರ."

"ಯಾಕೇ?"

"ಬೆಳಿಗ್ಗೆ ನೋಡಿದ್ರಾಯ್ತು ಅಂದೋಳು ನಾನಲ್ವಾ. ಬೆಳಿಗ್ಗೆ ಆಯ್ತಾ, ಬೆಳಿಗ್ಗೆ ಆಯ್ತಾ ಅಂತ ಕೇಳ್ದಂಗೆ ಆಗುತ್ತೆ ಆ ಸದ್ದು."

ನನ್ನ ಬಾಯಿ ಬೀದಿಗೆಲ್ಲ ಜೋರು. ಆದರೂ ಅವತ್ತು "ಹುಚ್ಚಿ, ಕಾಯಿ ಸುಲಿ" ಎಂದೆ ಅಷ್ಟೆ. ಪ್ರಮೋದಾ ಮುತ್ಯಾಲಮ್ಮನ ಗುಡಿಯಿಂದ ನಿಂಬೆಹಣ್ಣು ತಂದು ಬಾಗಿಲಿಗೆ ಕಟ್ಟಿದಳು. ತಟ್ಟೆ ಮೊಳಗುತ್ತಲೇ ಇತ್ತು, ನಿಂಬೆಹಣ್ಣು ಒಣಗಿತು.

ಆಗಲೇ ಅವಳು ಮೊಬೈಲಿನಲ್ಲಿ ಆ ಕೋರ್ಸ್ ಕಂಡದ್ದು. ಮನೆಯಲ್ಲೇ ಕೂತು ಕಲಿಯುವ ಭೌತಶಾಸ್ತ್ರ, ಮೊದಲಿನಿಂದ, ಬಿಟ್ಟಿ. ಕೆಳಗೆ 'ಕ್ಯಾಲ್ಕುಲಸ್ ಗೊತ್ತಿರಬೇಕಾಗಿಲ್ಲ' ಎಂದು ಬರೆದಿತ್ತು. ನನಗೆ ತೋರಿಸಿ, "ಅಕ್ಕ, ಕ್ಯಾಲ್ಕುಲಸ್ ಅಂದ್ರೇನು?" ಎಂದಳು.

"ಏನೋ ನಂಗೇನ್ ಗೊತ್ತು. ಬೇಡ ಅಂದವ್ರಲ್ಲ, ಇಲ್ಲದೆ ಇದ್ರೆ ಒಳ್ಳೇದೇ ಆಯ್ತು."

ಸೇರಿಕೊಂಡಳು. ಕಲಿಸುವವರು ದಿವ್ಯ ಮೇಡಂ ಎಂದು, ಅರ್ಧ ಇಂಗ್ಲಿಷ್ ಅರ್ಧ ಕನ್ನಡ ಮಾತಾಡುವ ಹೆಣ್ಣುಮಗಳು. ಭಾನುವಾರ ಮಧ್ಯಾಹ್ನ ಮೊಬೈಲಿನಲ್ಲಿ ನೇರವಾಗಿ ಬಂದು ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ಉಳಿದವರೆಲ್ಲ ಪರೀಕ್ಷೆಗೆ ಓದುವ ಹುಡುಗರು. ಇವಳೊಬ್ಬಳು ಕ್ಯಾಮೆರಾ ಮುಚ್ಚಿಕೊಂಡು, ನಮ್ಮ ಮನೆಯ ಒಳಕೋಣೆಯಲ್ಲಿ ಕೂತು, ಮೊದಲ ಭಾನುವಾರವೇ ಕೇಳಿದಳು: "ಮೇಡಂ, ಯಾರೂ ಮುಟ್ಟದೆ ತಟ್ಟೆ ಸದ್ದು ಮಾಡಿದ್ರೆ ಅದು ಯಾವ ಪಾಠದಲ್ಲಿ ಬರುತ್ತೆ?"

ಹುಡುಗರು ನಕ್ಕದ್ದು ನನಗೂ ಕೇಳಿಸಿತು. ದಿವ್ಯ ಮೇಡಂ ನಗಲಿಲ್ಲ. "ಕಂಪನ, ಅಲೆಗಳು ಅಂತ ಪಾಠ ಇದೆ. ಕೊನೆಗೆ ಬರುತ್ತೆ. ಅಲ್ಲೀವರೆಗೂ ಇರ್ತೀರಲ್ವಾ?" ಎಂದರು.

ಇದ್ದಳು. ಚಲನೆ, ಬಲ, ಶಕ್ತಿ ಎಂದು ಒಂದೊಂದನ್ನೇ ಅಗೆದು ದಾಟಿದಳು. ಬೀಜಗಣಿತ ಮರೆತುಹೋಗಿತ್ತು, ಅಳುತ್ತ ಮತ್ತೆ ಕಲಿತಳು. ನಾನು ಚಕ್ಕುಲಿ ಒತ್ತುತ್ತಿದ್ದರೆ ಒತ್ತಡದ ಪಾಠ ಹೇಳುತ್ತಿದ್ದಳು. "ನೀನು ಬಲ ಕೊಡ್ತಿದೀಯ ಅಕ್ಕ, ಚಕ್ಕುಲಿ ತೂತು ಚಿಕ್ಕದಾದಷ್ಟೂ..." "ಹಿಟ್ಟು ಗಟ್ಟಿಯಾಗಿದೆ ಕಣೇ, ಅಷ್ಟೇ" ಎನ್ನುತ್ತಿದ್ದೆ. ಮನೆಯಲ್ಲಿ ಅತ್ತೆಗೆ, "ಟೈಲರಿಂಗ್ ಕಲೀತಿದೀನಿ" ಎಂದು ಸುಳ್ಳು ಹೇಳಿದ್ದಳು. ಸಂಜೆ ಗೋಡೆಯ ಆಚೆ ತಟ್ಟೆ ಮೊಳಗಿದಾಗ ಅವಳ ಕೈ ನಿಲ್ಲುತ್ತಿತ್ತು, ತುಟಿ ಬಿಳಿಚುತ್ತಿತ್ತು. ಬಲ, ಶಕ್ತಿ ಯಾವುದೂ ಅದನ್ನು ತಡೆಯಲಿಲ್ಲ. ಯಾವಾಗ ಬರುತ್ತದೆ ಆ ಕಂಪನದ ಪಾಠ ಎಂದು ಅವಳಿಗಿಂತ ನನಗೇ ಆತುರವಾಗಿತ್ತು.

ಕೊನೆಗೂ ಬಂತು. ಪ್ರತಿಯೊಂದು ವಸ್ತುವಿಗೂ ಅದರದೇ ಒಂದು ಲಯವಿರುತ್ತದಂತೆ. ಹೊರಗಿನಿಂದ ಯಾವುದಾದರೂ ಅದುರಾಟ ಸರಿಯಾಗಿ ಆ ಲಯಕ್ಕೇ ಬಂದು ತಾಗಿದರೆ ವಸ್ತು ತಾನೂ ಅದುರುತ್ತದಂತೆ, ಬೇರೆಯವು ಸುಮ್ಮನಿರುತ್ತವಂತೆ. ಅನುರಣನ ಎಂದು ಹೆಸರು. ದಿವ್ಯ ಮೇಡಂ ಅವಳ ಪ್ರಶ್ನೆಯನ್ನು ಮರೆತಿರಲಿಲ್ಲ. "ನಿಮ್ಮ ತಟ್ಟೆ ಹತ್ರ ಏನೋ ಓಡ್ತಾ ಇರ್ಬೇಕು ನೋಡಿ. ಫ್ಯಾನು, ಪಂಪು, ಮೋಟರು..."

"ಏನೂ ಓಡಲ್ಲ ಮೇಡಂ, ನಮ್ಮನೆಯಲ್ಲಿ ಪಂಪೂ ಇಲ್ಲ" ಎಂದಳು ಪ್ರಮೋದಾ. ಬೀದಿ ತುಂಬ ಮಗ್ಗಗಳು ಢಬಢಬನೆ ಬಡಿಯುತ್ತಿದ್ದವು. ಇಷ್ಟು ವರ್ಷ ನಮ್ಮ ಜೊತೆಗಿದ್ದು ಅವಳ ಕಿವಿಯೂ ನಮ್ಮಂತೆಯೇ ಆಗಿಹೋಗಿತ್ತು.

ಮುಂದಿನ ವಾರ ಬೈರೇಶ್ ಅಕ್ಕನ ಮಗಳು ದೊಡ್ಡವಳಾದ ಆರತಿಗೆಂದು ಊರಿಗೆ ಹೋದ. ಆ ಸಂಜೆ ಕರೆಂಟು ಇತ್ತು, ಅಮಾವಾಸ್ಯೆಯೂ ಅಲ್ಲ. ತಟ್ಟೆ ಮೊಳಗಲಿಲ್ಲ. ಭಾಗ್ಯಮ್ಮ, "ಯಾಕೆ ಬರ್ಲಿಲ್ಲ? ನಾನೇನಂದೆ?" ಎಂದು ಫೋಟೋದ ಮುಂದೆ ಗೋಳಾಡಿದಳು. ಪ್ರಮೋದಾ ನಮ್ಮ ಮನೆಗೆ ಬಂದವಳು ಮಗ್ಗದ ಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಎಲ್ಲ ಮಗ್ಗಗಳೂ ಓಡುತ್ತಿದ್ದವು. ಮೂಲೆಯದೊಂದು ನಿಂತಿತ್ತು.

"ಅಕ್ಕ, ಇದು ದಿನಾ ಈ ಹೊತ್ಗೇ ಅಲ್ವಾ ಶುರುವಾಗೋದು?"

ನಾನು ಎದೆಯ ಮೇಲೆ ಕೈಯಿಟ್ಟುಕೊಂಡೆ. "ಹೂಂ ಕಣೇ" ಎಂದೆ.

ಬೈರೇಶ್ ಬಂದ ಮೇಲೆ, ಭಾಗ್ಯಮ್ಮ ಗುಡಿಗೆ ಹೋದ ಹೊತ್ತು ನೋಡಿ, ಪರೀಕ್ಷೆ ಮಾಡಿದೆವು. ಅವಳು ಅಲ್ಲಿ ತಟ್ಟೆಯ ಮುಂದೆ, ನಾನು ಇಲ್ಲಿ ಮಗ್ಗದ ಪಕ್ಕ, ಕಿವಿಗೆ ಮೊಬೈಲು. "ಹಾಕು" ಎಂದಳು. ಬೈರೇಶನಿಗೆ ಕೈಸನ್ನೆ ಮಾಡಿದೆ, ಮಗ್ಗ ಓಡಿತು. "ಆರ್ಸು" ಎಂದಳು. ಆರಿಸಿದೆವು. "ಹಾಕು." ಮತ್ತೆ ಮತ್ತೆ ಹೀಗೇ ಆಯಿತು. ಕಡೆಗೆ ಬಿಕ್ಕುವುದು ಕೇಳಿಸಿತು. ಓಡಿದೆ. ನೆಲದ ಮೇಲೆ ಕೂತಿದ್ದಳು.

"ಅವಳಲ್ಲ ಅಕ್ಕ. ಮಗ್ಗ. ಬರೀ ಮಗ್ಗ. ಅವಳು ನನ್ನ ಕೇಳ್ತಾ ಇರ್ಲಿಲ್ಲ."

ಎಷ್ಟು ಅತ್ತಳೋ. ನಾನೂ ಅತ್ತೆ, ಸುಳ್ಳೇಕೆ. ಆದರೆ ಕಣ್ಣೊರೆಸಿಕೊಂಡು ಎದ್ದವಳು ಒಂದು ಕ್ಷಣ ಗೋಡೆಯನ್ನು ನೋಡುತ್ತ ನಿಂತು ಸಣ್ಣ ದನಿಯಲ್ಲಿ ಕೇಳಿದಳು: "ಆ ಮಗ್ಗ ಮಾನಸಂದೇ ಅಲ್ವಾ?"

ನಿಮಗೆ ಭೌತಶಾಸ್ತ್ರ ಗೊತ್ತಿದ್ದರೆ ನೀವು ಇದಕ್ಕೆ ಏನು ಹೇಳುತ್ತಿದ್ದಿರೋ. ಇಷ್ಟು ಮಗ್ಗಗಳಿದ್ದು, ಅವಳ ತಟ್ಟೆ ಅವಳ ಮಗ್ಗಕ್ಕೇ ಓಗೊಟ್ಟಿತ್ತು. ನನಗೆ ಮತ್ತೆ ರೋಮ ಎದ್ದಿತು. "ಪುಲ್ಲಿ ಬದಲಾಯ್ಸಿದ್ನಲ್ಲ ಬೈರೇಶ, ಅದಕ್ಕೆ" ಎಂದೆ. ಅವಳೂ "ಹೂಂ, ಅದಕ್ಕೇ" ಎಂದಳು. ಅತ್ತೆಗೆ ಹೇಳುವುದೋ ಬೇಡವೋ ಎಂದು ಇಬ್ಬರೂ ಕೂತು ಯೋಚಿಸಿದೆವು. ಹೇಳಿದರೆ ಆ ತಾಯಿಗೆ ಮಗಳು ಎರಡನೇ ಸಲ ಸತ್ತ ಹಾಗೆ. ಹೇಳಲಿಲ್ಲ.

ನಾವು ಹೇಳದಿದ್ದರೇನು, ಕಾಲ ಸುಮ್ಮನಿರುತ್ತದೆಯೇ? ನಮ್ಮ ಯಜಮಾನರು ಕೋದಂಡರಾಮಯ್ಯನವರಿಗೆ ಹೊಸ ಮಾದರಿಯ ಮಗ್ಗ ಹಾಕುವ ಹುಚ್ಚು ಹಿಡಿಯಿತು. ನೂಲು ಹೊತ್ತು ಅತ್ತಿತ್ತ ಓಡುವ ಲಾಳಿಯೇ ಇಲ್ಲದ, ಭರ್ರೆನ್ನುವ ಮಿಷನ್ನುಗಳು. ಹಳೆಯವನ್ನೆಲ್ಲ ಗುಜರಿಗೆ ಮಾತಾಡಿ ಬಂದರು. ಮೂಲೆಯದೊಂದು ಇರಲಿ ಎಂದು ನಾನು ಜಗಳ ಮಾಡಿದೆ. "ಯಾಕೆ?" ಎಂದರು. ಏನೆಂದು ಹೇಳಲಿ? ಪಕ್ಕದ ಮನೆಯ ತಟ್ಟೆಗೆ ಬೇಕು ಎನ್ನಲೇ? ಮಗ್ಗಗಳನ್ನು ಬಿಚ್ಚಿ ಟೆಂಪೋಗೆ ತುಂಬುವಾಗ ಪ್ರಮೋದಾ ಬಾಗಿಲಲ್ಲಿ ನಿಂತು ನೋಡಿದಳು. ಭಾಗ್ಯಮ್ಮನೂ ನೋಡಿದಳು.

ತಟ್ಟೆ ನಿಂತುಹೋಯಿತು.

ಮೊದಮೊದಲು ಭಾಗ್ಯಮ್ಮ ಕಾದಳು. ಆಮೇಲೆ ಕೂತಲ್ಲಿಂದ ಏಳುವುದನ್ನೇ ಬಿಟ್ಟಳು. ಗಂಜಿ ಕೊಟ್ಟರೆ ಒಂದು ಗುಟುಕು, ಅದೂ ಬಲವಂತಕ್ಕೆ. ರವಿಶಂಕರ ಡಾಕ್ಟರ ಹತ್ತಿರ ಕರೆದೊಯ್ದ, ರೋಗವೇನೂ ಇಲ್ಲ ಎಂದರು. ಪ್ರಮೋದಾ ಒಂದು ಮಧ್ಯಾಹ್ನ ನನ್ನ ಬಳಿ ಬಂದಳು. ಅವಳ ಕಣ್ಣು ನೋಡಿಯೇ ಏನೋ ಮಾಡಹೊರಟಿದ್ದಾಳೆ ಎಂದು ತಿಳಿಯಿತು.

"ಒಂದ್ಸಲ ತಡ ಮಾಡಿ ಮಾನಸನ್ನ ಕಳೆದೆ ಅಕ್ಕ. ಈ ಸಲ ಬೆಳಿಗ್ಗೆ ನೋಡೋಣ ಅನ್ನಲ್ಲ."

ತಟ್ಟೆಯನ್ನು ಬೆರಳಿನಿಂದ ತಟ್ಟಿ, ಅದರ ಲಯ ಎಷ್ಟೆಂದು ಮೊಬೈಲಿನಲ್ಲೇ ಅಳೆದಿದ್ದಳು. ಅಂಗೈಯಗಲದ ಸ್ಪೀಕರನ್ನು ಫೋಟೋದ ಹಿಂದೆ, ಸ್ಟ್ಯಾಂಡಿಗೆ ಅಂಟುವಂತೆ ಸಿಕ್ಕಿಸಿದಳು. ಅಡುಗೆಮನೆಯಿಂದ ಮೊಬೈಲು ಒತ್ತಿದರೆ ಸ್ಪೀಕರ್ ಅದೇ ಲಯದಲ್ಲಿ ಮಿಡಿಯಬೇಕು, ತಟ್ಟೆ ಓಗೊಡಬೇಕು. ಸಂಜೆ ಒಗ್ಗರಣೆ ಹಾಕುತ್ತ ಒತ್ತಿದಳು. ತಟ್ಟೆ ಗುಂಯ್ಯೆಂದಿತು. ಭಾಗ್ಯಮ್ಮ ತಲೆಯೆತ್ತಿ, ಬಹಳ ಹೊತ್ತು ತಟ್ಟೆಯನ್ನೇ ನೋಡಿ, "ಊಟ ಹಾಕಮ್ಮ" ಎಂದಳಂತೆ.

ಯಾವ ಸದ್ದಿಗೆ ಹೆದರಿ ಮಹಡಿ ಹತ್ತುತ್ತಿದ್ದಳೋ ಅದೇ ಸದ್ದನ್ನು ದಿನಾ ತನ್ನ ಕೈಯಾರೆ ಎಬ್ಬಿಸತೊಡಗಿದಳು. ಅದು ಅವಳಿಗೆ ಸಲೀಸಾಗಿರಲಿಲ್ಲ. "ನಾನೇ ಒತ್ತಿದ್ರೂ, ಸದ್ದು ಬಂದಾಗ ಬೆನ್ನು ತಣ್ಣಗಾಗುತ್ತೆ ಅಕ್ಕ. ಯಾರೋ ಹಿಂದೆ ಬಾಗಿಲಲ್ಲಿ ಕಾಲು ಚಾಚಿ ಕೂತಂಗಿರುತ್ತೆ. ತಿರುಗಿ ನೋಡಲ್ಲ ನಾನು" ಎಂದಿದ್ದಳು.

ಹೀಗೇ ನಡೆಯುತ್ತಿತ್ತು, ಒಂದು ಅಮಾವಾಸ್ಯೆಯನ್ನೂ ಮೊಬೈಲು ಒತ್ತದೆ ಎಚ್ಚರದಿಂದ ದಾಟಿದ್ದಳು. ಅದರ ಮುಂದಿನ ಅಮಾವಾಸ್ಯೆಯಂದು ನಾನು ಮುತ್ಯಾಲಮ್ಮನ ಗುಡಿಯಿಂದ ಕಡಲೆಕಾಳಿನ ಉಸಲಿಯ ಪ್ರಸಾದ ತಂದು, ಒಂದು ಡಬ್ಬಿ ಅವರ ಮನೆಗೂ ಕೊಡಲು ಹೋದೆ. ಪ್ರಮೋದಾಳಿಗೆ ಮಾರನೆಯ ದಿನ ಕೋರ್ಸಿನ ಕೊನೆಯ ಪರೀಕ್ಷೆ, ಒಳಗೆ ಓದುತ್ತಿದ್ದಳು. ಮೊದಲಾದರೆ ಅಮಾವಾಸ್ಯೆಗೆ ಬೀದಿಯೇ ಸತ್ತಂತೆ ನಿಶ್ಶಬ್ದವಾಗುತ್ತಿತ್ತು, ಯಾರಿಗೂ ಪಂಚಾಂಗ ಬೇಕಿರಲಿಲ್ಲ. ಈಗ ನಮ್ಮ ಮನೆಯ ಹೊಸ ಮಿಷನ್ನುಗಳು ನಿಲ್ಲುವುದಿಲ್ಲ. ನಡೆಸುವ ಹುಡುಗರು ಬೇರೆ ರಾಜ್ಯದವರು. "ಮಿಷನ್‌ಗೆ ಎಂಥ ಅಮಾಸೆನೇ?" ಎನ್ನುತ್ತಾರೆ ನಮ್ಮ ಯಜಮಾನರು. ಗೋಡೆಯ ಆಚೆ ಅವು ಭರ್ರೆನ್ನುತ್ತಲೇ ಇದ್ದವು. ನಾನು ಭಾಗ್ಯಮ್ಮನ ಪಕ್ಕ ಕೂತು ಡಬ್ಬಿ ತೆರೆಯುತ್ತಿದ್ದೆ. ಪ್ರಮೋದಾ ಒಳಗಿನಿಂದ ಎದ್ದು ಅಡುಗೆಮನೆಗೆ ಹೋದದ್ದು ಕಂಡಿತು. ನನಗೆ ಹೊಳೆಯುವ ಹೊತ್ತಿಗೆ ತಟ್ಟೆ ಗುಂಯ್ಯೆಂದಿತ್ತು.

ನನ್ನ ಕೈಯಲ್ಲಿ ಡಬ್ಬಿ ಹಾಗೇ ನಿಂತಿತು. ಭಾಗ್ಯಮ್ಮ ಗೋಡೆಯ ಕ್ಯಾಲೆಂಡರ್ ನೋಡಿದಳು, ತಟ್ಟೆ ನೋಡಿದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಗದರದೆ, ಮಗುವನ್ನು ಕರೆದ ಹಾಗೆ ಕರೆದಳು.

"ಪ್ರಮೋದಾ. ಇವತ್ತು ಅಮಾಸೆ ಕಣೇ."

ಸದ್ದು ತಟಕ್ಕನೆ ನಿಂತಿತು. ಪ್ರಮೋದಾ ಮೊಬೈಲು ಹಿಡಿದೇ ಬಾಗಿಲಿಗೆ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ.

"ಅವಳು ಬರೋವಾಗ ಸದ್ದು ಸಣ್ಣಗೆ ಶುರುವಾಗಿ ಏರ್ತಾ ಇತ್ತು. ನೀನು ಗುಂಡಿ ಒತ್ತಿದಂಗೆ ಒಂದೇ ಸಲ ಬರ್ತೀಯ" ಎಂದಳು ಭಾಗ್ಯಮ್ಮ. "ಮೊದಲ್ನೇ ದಿನಾನೇ ಗೊತ್ತಾಯ್ತು. ಯಾರೋ ಒಬ್ರು ನಾನು ಉಣ್ಲಿ ಅಂತ ಬಾರಿಸ್ತಾ ಅವ್ರಲ್ಲ, ಅವ್ರಿಗ್ಯಾಕೆ ನೋವು ಮಾಡೋದು ಅಂತ ಉಂಡೆ."

"ಅತ್ತೆ, ಅವತ್ತು ನಾನು ಬೆಳಿಗ್ಗೆ ನೋಡಿದ್ರಾಯ್ತು ಅಂತ..."

"ಅಂದೆ. ನಾನು ಹೂಂ ಅಂದೆ. ಹೆತ್ತೋಳು ನಾನು ಹೂಂ ಅಂದ್ಮೇಲೆ ನಿಂದೇನೇ ತಪ್ಪು?"

ಮುದುಕಿ ಗೋಡೆ ಹಿಡಿದು ಎದ್ದಳು. ಕಂಚಿನ ತಟ್ಟೆಯನ್ನು ಇಳಿಸಿ, ಹಿತ್ತಲಿಗೆ ಹೋಗಿ, ಹುಣಸೆಹಣ್ಣು ಹಚ್ಚಿ ತಾನೇ ಉಜ್ಜಿ ತೊಳೆದು ತಂದಳು. ಸೊಸೆಯನ್ನು ಅಡುಗೆಮನೆಯ ಬಾಗಿಲಲ್ಲಿ ಕೂರಿಸಿ, ತೊಡೆಯ ಮೇಲೆ ತಟ್ಟೆಯಿಟ್ಟು, ನಾನು ತಂದ ಉಸಲಿಯನ್ನು ಕೈಯಿಂದಲೇ ಬಡಿಸಿದಳು. ಯಾರೂ ಒಂದು ತುತ್ತೂ ಉಣ್ಣದಿದ್ದ ತಟ್ಟೆ ಅದು. "ತಿನ್ನು" ಎಂದಳು. ಪ್ರಮೋದಾ ಅಳುತ್ತಲೇ ತಿಂದಳು. ನಡುವೆ ಒಮ್ಮೆ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

ಮಾರನೆಯ ದಿನ ಪರೀಕ್ಷೆ ಬರೆದು ಬಂದ ಮೇಲೆ ಕೇಳಿದೆ, ಯಾಕೆ ಹಾಗೆ ನೋಡಿದೆ ಎಂದು.

"ತಟ್ಟೆ ಅದುರ್ತು ಅಕ್ಕ."

"ನಮ್ಮ ಮಿಷನ್ನು ಓಡ್ತಿತ್ತಲ್ಲೇ."

"ಅದರ ಲಯಾನೇ ಬೇರೆ. ಅಲ್ದೆ ತೊಡೆ ಮೇಲೆ ಇಟ್ಟು ಮೇಲೆ ಊಟ ಹಾಕಿದ ತಟ್ಟೆ ಹಂಗೆ ಅದುರಲ್ಲ." ಆಮೇಲೆ ತಾನೇ ಹೇಳಿದಳು, "ಅತ್ತೆ ಬಡಿಸೋವಾಗ ಅಂಚು ಹಿಡ್ಕೊಂಡಿದ್ರಲ್ಲ. ಅವರ ಕೈ ನಡುಗಿರ್ಬೇಕು."

ಪಾಸಾದಳು. ಸ್ಪೀಕರನ್ನು ಫೋಟೋದ ಹಿಂದಿನಿಂದ ತೆಗೆದಳು. ಈಗ ದಿನಾ ಸಂಜೆ ಆ ತಟ್ಟೆಯಲ್ಲೇ ಅವಳ ಊಟ, ತೊಳೆದು ಮತ್ತೆ ಸ್ಟ್ಯಾಂಡಿಗೆ. ಅದು ಮೊಳಗುವುದಿಲ್ಲ. ಆದರೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಆಡುತ್ತಿದ್ದ ಮಾತನ್ನು ಅಷ್ಟಕ್ಕೇ ನಿಲ್ಲಿಸಿ ಕಿವಿಗೊಡುತ್ತಾರೆ. ಗೋಡೆಯ ಈಚೆ ನಾನೂ ನಿಲ್ಲಿಸುತ್ತೇನೆ. "ಏನೇ?" ಎನ್ನುತ್ತಾರೆ ನಮ್ಮ ಯಜಮಾನರು. ಏನಿಲ್ಲ ಎನ್ನುತ್ತೇನೆ.